ಯಾವ ಕಡೆಗೂ ಸೇರದ ಕಿಟನ್

ಐರ್ಲೆಂಡಿನ ಮೊನಹನ್ ಕೌಂಟಿಯಲ್ಲಿ ಕ್ಲೋನಿಸ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಂದ ಕ್ಯಾವನ್ ಪಟ್ಟಣದ ದಾರಿ ಹಿಡಿದವರು ಹತ್ತು ಕಿಲೋಮೀಟರ್ ಸಾಗುವುದರೊಳಗೆ ನಾಲ್ಕು ಸಲ ಗಡಿ ದಾಟುತ್ತಾರೆ. ರಸ್ತೆ ಒಂದೇ, ಎರಡು ಬದಿಯ ಹುಲ್ಲುಗಾವಲೂ ಒಂದೇ. ಆದರೆ ಒಂದು ತಿರುವಿನಲ್ಲಿ ಐರ್ಲೆಂಡ್ ಗಣರಾಜ್ಯ, ಮುಂದಿನ ತಿರುವಿನಲ್ಲಿ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್. 1921ರಲ್ಲಿ ದ್ವೀಪವನ್ನು ಇಬ್ಭಾಗ ಮಾಡಿದಾಗ ಹೊಸದಾಗಿ ಅಳೆದು ಗೆರೆ ಎಳೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಕೌಂಟಿಗಳ ಹಳೆಯ ಅಂಕುಡೊಂಕು ಎಲ್ಲೆಯನ್ನೇ ಗಡಿ ಎಂದು ಒಪ್ಪಿಕೊಂಡರು. ಕ್ಲೋನಿಸ್ ಒಂದು ಕಾಲಕ್ಕೆ ನಾನಾ ದಿಕ್ಕಿನ ರೈಲುಗಳು ಬಂದು ಸೇರುತ್ತಿದ್ದ ಜಂಕ್ಷನ್. ಗಡಿಯಾಚೆಯ ಸರಕಾರ 1957ರಲ್ಲಿ ತನ್ನ ಕಡೆಯ ಹಳಿಗಳನ್ನು ಮುಚ್ಚಿಸಿದ ಮೇಲೆ ಊರಿನ ಸದ್ದಡಗಿತು.

ಕಾದಂಬರಿಕಾರ ಪ್ಯಾಟ್ರಿಕ್ ಮೆಕೇಬ್ ಹುಟ್ಟಿದ್ದು ಈ ಊರಿನಲ್ಲಿ, 1955ರಲ್ಲಿ. ಅವರ ಬಾಲ್ಯ ಗಡಿಯ ಪಕ್ಕದಲ್ಲಿ ಕಳೆಯಿತು. ಯೌವನಕ್ಕೆ ಕಾಲಿಡುವ ಹೊತ್ತಿಗೆ ಆ ಗಡಿಗೆ ಬೆಂಕಿ ಬಿದ್ದಿತ್ತು. 1998ರಲ್ಲಿ ಅವರು ಬರೆದ 'ಬ್ರೇಕ್‌ಫಾಸ್ಟ್ ಆನ್ ಪ್ಲೂಟೊ' ಕಾದಂಬರಿ ಆ ವರ್ಷದ ಬುಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಮೂವತ್ತು ವರ್ಷಗಳ ರಕ್ತಪಾತಕ್ಕೆ ತೆರೆ ಎಳೆದ ಶಾಂತಿ ಒಪ್ಪಂದಕ್ಕೆ ಬೆಲ್‌ಫಾಸ್ಟ್‌ನಲ್ಲಿ ಸಹಿ ಬಿದ್ದದ್ದೂ ಅದೇ 1998ರ ಏಪ್ರಿಲ್ 10ರಂದು. ಏಳು ವರ್ಷದ ನಂತರ, 2005ರಲ್ಲಿ, ನಿರ್ದೇಶಕ ನೀಲ್ ಜೋರ್ಡನ್ ಅದನ್ನು ಚಲನಚಿತ್ರ ಮಾಡಿದರು. ಮುಖ್ಯ ಪಾತ್ರ ವಹಿಸಿದವರು ಕಿಲಿಯನ್ ಮರ್ಫಿ. ಮುಂದೆ 'ಆಪನ್‌ಹೈಮರ್' ಚಿತ್ರಕ್ಕಾಗಿ 2024ರಲ್ಲಿ ಆಸ್ಕರ್ ಪಡೆದ ನಟ ಇವರೇ.

ಕಥೆಯ ಕೇಂದ್ರದಲ್ಲಿರುವುದು ಪ್ಯಾಟ್ರಿಕ್ ಬ್ರೇಡನ್ ಎಂಬ ಮಗು. ಗಂಡೆಂದು ಹೆಸರಿಟ್ಟು ಬೆಳೆಸಿದ ಈ ಮಗು ತನ್ನನ್ನು ಹೆಣ್ಣೆಂದೇ ಬಗೆದು ಬೆಳೆಯುತ್ತದೆ. ಚಿತ್ರದಲ್ಲಿ ಅದು ತಾನೇ ಇಟ್ಟುಕೊಳ್ಳುವ ಹೆಸರು ಕಿಟನ್, ಅಂದರೆ ಬೆಕ್ಕಿನ ಮರಿ. ಕನ್ನಡದಲ್ಲಿ ಈ ಕಥೆ ಹೇಳಹೊರಟರೆ ಆರಂಭದಲ್ಲೇ ಒಂದು ತೊಡಕು. 'ನಾನು', 'ನೀನು' ಎನ್ನುವಾಗ ಗಂಡೋ ಹೆಣ್ಣೋ ಎಂದು ಕೇಳದ ನಮ್ಮ ಭಾಷೆ, ಮೂರನೆಯವರ ಮಾತು ಬಂದೊಡನೆ ಅವನೋ ಅವಳೋ ಹೇಳು ಎಂದು ಹಟ ಹಿಡಿಯುತ್ತದೆ. ಕಿಟನ್ ತನ್ನನ್ನು ಏನೆಂದು ತಿಳಿದಿದ್ದಳೋ ಅದನ್ನೇ ಒಪ್ಪುವುದಾದರೆ 'ಅವಳು' ಎಂಬುದೇ ಸರಿ. ಸುತ್ತಲಿನವರು ಇಷ್ಟನ್ನು ಒಪ್ಪಿದ್ದರೆ ಅವಳ ಬದುಕಿನ ಅರ್ಧ ಸಂಕಟ ತಪ್ಪುತ್ತಿತ್ತು. ಉಳಿದರ್ಧ ಅವಳು ಹುಟ್ಟಿದ ಕಾಲ ಮತ್ತು ಸ್ಥಳದಿಂದ ಬಂದದ್ದು.

ಪಾದ್ರಿಯ ಮಗು

ಟೈರೀಲಿನ್ ಎಂಬುದು ಮೆಕೇಬ್ ಕಲ್ಪಿಸಿದ ಗಡಿಯೂರು. ಅಲ್ಲಿನ ಪಾದ್ರಿಗೂ ಅವನ ಮನೆಗೆಲಸದ ಹುಡುಗಿ ಐಲಿ ಬರ್ಗಿನ್‌ಗೂ ಹುಟ್ಟಿದ ಮಗು ಕಿಟನ್. ತಾಯಿ ಮಗುವನ್ನು ಬಿಟ್ಟು ಲಂಡನ್ನಿಗೆ ಹೊರಟುಹೋಗುತ್ತಾಳೆ. ಮಗು ಸಾಕುತಾಯಿಯೊಬ್ಬಳ ಪಾಲಾಗುತ್ತದೆ. ಊರಿಗೆಲ್ಲ ಗೊತ್ತಿರುವ ಸತ್ಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಶಾಲೆಗೆ ಹೋಗುವ ವಯಸ್ಸಿನ ಈ ಮಗು ಸಾಕುತಾಯಿಯ ಉಡುಪು ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಸಿಕ್ಕಿಬೀಳುತ್ತದೆ. 'ಹೆಣ್ಣಿಗ' ಎಂದು ಮೂದಲಿಸುವ ರೂಢಿ ನಮ್ಮ ಊರುಗಳಿಗೆ ಹೊಸದಲ್ಲ. ಐರ್ಲೆಂಡಿನ ಊರುಗಳಲ್ಲೂ ಅದಕ್ಕೆ ಬರವಿರಲಿಲ್ಲ.

ಈ ಭಾಗವನ್ನು ಕಾದಂಬರಿಕಾರನ ಅತಿಶಯ ಎಂದುಕೊಳ್ಳುವಂತಿಲ್ಲ. 1937ರ ಐರಿಶ್ ಸಂವಿಧಾನ ಕ್ಯಾಥೊಲಿಕ್ ಚರ್ಚಿಗೆ 'ವಿಶೇಷ ಸ್ಥಾನ' ಕೊಟ್ಟಿತ್ತು. ಆ ಮಾತನ್ನು ಜನಮತದಿಂದ ತೆಗೆದುಹಾಕಿದ್ದು 1972ರ ಕೊನೆಯಲ್ಲಿ. ಗರ್ಭನಿರೋಧಕಗಳ ಮಾರಾಟ 1935ರಿಂದಲೂ ಅಪರಾಧವಾಗಿತ್ತು. ಮದುವೆಯಾಗದೆ ಬಸಿರಾದ ಹೆಣ್ಣನ್ನು ಮನೆಯವರೇ ಸನ್ಯಾಸಿನಿಯರು ನಡೆಸುವ 'ತಾಯಿ-ಮಗು ಗೃಹ'ಕ್ಕೆ ತಂದು ಬಿಡುತ್ತಿದ್ದರು. ಹೆರಿಗೆಯಾದ ಮೇಲೆ ಎಷ್ಟೋ ಮಕ್ಕಳು ತಾಯಿಯ ಮಡಿಲಿನಿಂದ ದತ್ತು ಹೋದವು. ತಾಯಂದಿರಲ್ಲಿ ಹಲವರು ಐಲಿಯ ಹಾಗೆ ಇಂಗ್ಲೆಂಡಿನ ಹಡಗು ಹತ್ತಿದರು.

ಸರಕಾರ ನೇಮಿಸಿದ ತನಿಖಾ ಆಯೋಗ ಇಂಥ 18 ಸಂಸ್ಥೆಗಳ ಚರಿತ್ರೆಯನ್ನು ಕೆದಕಿ 2021ರ ಜನವರಿಯಲ್ಲಿ ವರದಿ ಕೊಟ್ಟಿತು. 1922ರಿಂದ 1998ರವರೆಗೆ ಸುಮಾರು 56,000 ತಾಯಂದಿರು, 57,000 ಮಕ್ಕಳು ಆ ಸಂಸ್ಥೆಗಳನ್ನು ಹಾದುಹೋಗಿದ್ದರು. ಸುಮಾರು 9,000 ಮಕ್ಕಳು ಅಲ್ಲೇ ಸತ್ತಿದ್ದರು. ಪ್ರಧಾನಿ ಮೀಹಾಲ್ ಮಾರ್ಟಿನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಮದುವೆಯಿಲ್ಲದೆ ಹುಟ್ಟಿದ ಮಗು 'ಅಕ್ರಮ ಸಂತಾನ' ಎಂಬ ಕಾನೂನಿನ ಹಣೆಪಟ್ಟಿ ಕಳಚಿದ್ದೇ 1987ರಲ್ಲಿ. ಅಂದರೆ ಕಿಟನ್ ಮೊದಲ ಸಲ ಬಳೆ ತೊಡುವ ಮೊದಲೇ ಆ ಸಮಾಜದ ಲೆಕ್ಕದ ಪುಸ್ತಕದಿಂದ ಹೊರಗಿದ್ದಳು. ಹುಟ್ಟಿನಿಂದ ಒಂದು ಸಲ, ಉಡುಪಿನಿಂದ ಇನ್ನೊಂದು ಸಲ ಅವಳು ಹೊರಗಿನವಳಾದಳು.

ಯಾರು ಯಾರ ಕಡೆ?

ಇಷ್ಟರಲ್ಲಿ ಗಡಿ ಹೊತ್ತಿಕೊಂಡಿತು. ಉತ್ತರ ಐರ್ಲೆಂಡಿನ ಆರು ಕೌಂಟಿಗಳಲ್ಲಿ ಆಗ ಪ್ರೊಟೆಸ್ಟೆಂಟರು ಬಹುಸಂಖ್ಯಾತರಾಗಿದ್ದರು. ಅವರಲ್ಲಿ ಹೆಚ್ಚಿನವರಿಗೆ ಬ್ರಿಟನ್ನಿನ ಜೊತೆ ಇರುವುದೇ ಬೇಕು. ಕ್ಯಾಥೊಲಿಕರಲ್ಲಿ ಹೆಚ್ಚಿನವರಿಗೆ ದ್ವೀಪ ಒಂದಾಗಬೇಕು. ಮನೆ, ಕೆಲಸ, ಮತದಾನಗಳಲ್ಲಿ ತಮಗೆ ಅನ್ಯಾಯವಾಗುತ್ತಿದೆ ಎಂದು ಕ್ಯಾಥೊಲಿಕರು 1968ರಲ್ಲಿ ಬೀದಿಗಿಳಿದರು. ಗಲಭೆ ಬೆಳೆದು 1969ರ ಆಗಸ್ಟಿನಲ್ಲಿ ಬ್ರಿಟಿಷ್ ಸೈನ್ಯ ಬಂದಿಳಿಯಿತು. 1971ರ ಆಗಸ್ಟಿನಿಂದ ವಿಚಾರಣೆಯಿಲ್ಲದೆ ಬಂಧನ ಶುರುವಾಯಿತು. 1972ರ ಜನವರಿ 30ರಂದು ಡೆರಿ ನಗರದಲ್ಲಿ ಮೆರವಣಿಗೆಯ ಮೇಲೆ ಸೈನಿಕರು ಹಾರಿಸಿದ ಗುಂಡಿಗೆ 13 ಮಂದಿ ಬಲಿಯಾದರು. ಈ ಗೋಲಿಬಾರಿಗೆ ಸಮರ್ಥನೆ ಇರಲಿಲ್ಲ ಎಂದು ಬ್ರಿಟಿಷ್ ಸರಕಾರ ಒಪ್ಪಿಕೊಂಡಿದ್ದು 2010ರಲ್ಲಿ. ಡೆರಿಯ ಆ ದಿನದ ನಂತರ ಐರಿಶ್ ರಿಪಬ್ಲಿಕನ್ ಆರ್ಮಿಗೆ, ಅಂದರೆ ಐಆರ್‌ಎಗೆ, ಸೇರಲು ಹುಡುಗರ ಸಾಲು ಹಚ್ಚಿತು. ಎದುರು ಬದಿಯಲ್ಲಿ ಪ್ರೊಟೆಸ್ಟೆಂಟ್ ಸಶಸ್ತ್ರ ಗುಂಪುಗಳು ಬೆಳೆದವು. ಮೂರು ದಶಕಗಳಲ್ಲಿ ಸತ್ತವರು ಸುಮಾರು 3,500 ಮಂದಿ.

ಗಡಿಯಲ್ಲಿ ಇದರ ಬಿಸಿ ಬೇರೆಯೇ. ಇನ್ನೂರಕ್ಕೂ ಹೆಚ್ಚು ರಸ್ತೆಗಳು ದಾಟುವ ಆ ಗಡಿಯಲ್ಲಿ ಬೆರಳೆಣಿಕೆಯ ದಾರಿಗಳಿಗೆ ಮಾತ್ರ ಅನುಮತಿ. ಉಳಿದವುಗಳಲ್ಲಿ ಹಲವನ್ನು ಸೈನ್ಯ ಸಿಡಿಮದ್ದಿಟ್ಟು ಗುಂಡಿ ತೋಡಿ ಕೆಡಿಸಿತು. ಸ್ಥಳೀಯರು ರಾತ್ರೋರಾತ್ರಿ ಗುಂಡಿ ಮುಚ್ಚುವುದು, ಸೈನ್ಯ ಮತ್ತೆ ತೋಡುವುದು ನಡೆದೇ ಇತ್ತು. 1972ರ ಡಿಸೆಂಬರ್ 28ರ ಸಂಜೆ ಕ್ಲೋನಿಸ್‌ನಲ್ಲೇ ಕಾರು ಬಾಂಬ್ ಸಿಡಿಯಿತು. ಅದೇ ಸಂಜೆ ಹತ್ತಿರದ ಬೆಲ್ಟರ್ಬೆಟ್‌ನಲ್ಲಿ ಸಿಡಿದ ಬಾಂಬಿಗೆ ಹದಿಹರೆಯದ ಇಬ್ಬರು ಬಲಿಯಾದರು. 1974ರ ಮೇ 17ರಂದು ಡಬ್ಲಿನ್ ಮತ್ತು ಮೊನಹನ್ ಪಟ್ಟಣಗಳಲ್ಲಿ ಒಂದೇ ಸಂಜೆ ಸಿಡಿದ ಬಾಂಬುಗಳು 33 ಜೀವ ತೆಗೆದವು.

ಹಾಡು ಕುಣಿತಕ್ಕೂ ವಿನಾಯಿತಿ ಇರಲಿಲ್ಲ. ಆ ಕಾಲದ ಐರ್ಲೆಂಡಿನಲ್ಲಿ 'ಶೋ ಬ್ಯಾಂಡ್' ಎಂಬ ವಾದ್ಯಗೋಷ್ಠಿಗಳು ಊರೂರು ಸುತ್ತುತ್ತಿದ್ದವು. ಗಡಿಯ ಎರಡೂ ಕಡೆ, ಎರಡೂ ಮತದ ಹುಡುಗ ಹುಡುಗಿಯರು ಒಂದೇ ಸಭಾಂಗಣದಲ್ಲಿ ಕುಣಿಯುತ್ತಿದ್ದದ್ದು ಇವುಗಳ ಮುಂದೆ. 1975ರ ಜುಲೈ 31ರಂದು 'ಮಯಾಮಿ ಶೋ ಬ್ಯಾಂಡ್' ಉತ್ತರದಲ್ಲಿ ಕಾರ್ಯಕ್ರಮ ಮುಗಿಸಿ ಡಬ್ಲಿನ್ನಿಗೆ ಮರಳುತ್ತಿತ್ತು. ಸೈನಿಕರ ವೇಷದ ಉಗ್ರರು ನಕಲಿ ತಪಾಸಣಾ ಠಾಣೆ ಹೂಡಿ ವ್ಯಾನನ್ನು ತಡೆದರು. ವಾದ್ಯಗಾರರಲ್ಲಿ ಮೂವರು ಕೊಲೆಯಾದರು. ವ್ಯಾನಿನಲ್ಲಿ ಅಡಗಿಸಿಡಲು ಹೋದ ಬಾಂಬ್ ಅಲ್ಲೇ ಸಿಡಿದು ಉಗ್ರರಲ್ಲೂ ಇಬ್ಬರು ಸತ್ತರು. ಕಥೆಯಲ್ಲಿ ಕಿಟನ್ ಊರು ಬಿಟ್ಟು ಮೊದಲು ಸೇರುವುದು ಇಂಥದೇ ಒಂದು ವಾದ್ಯತಂಡವನ್ನು ಎಂಬುದನ್ನು ನೆನೆದರೆ, ಬಣ್ಣದ ಬಟ್ಟೆಯ ಆ ದೃಶ್ಯಗಳ ಹಿಂದಿನ ಕತ್ತಲು ಕಾಣುತ್ತದೆ.

ಕೆರೆಗೆ ಬಿದ್ದ ಬಂದೂಕುಗಳು

ತಂಡದ ಗಾಯಕ ಬಿಲ್ಲಿ ಹ್ಯಾಚೆಟ್ ಕಿಟನ್‌ಳನ್ನು ಕೆರೆಯ ದಡದ ಒಂದು ಗಾಡಿಮನೆಯಲ್ಲಿ ಇರಿಸುತ್ತಾನೆ. ಮನೆ ಸಿಕ್ಕಿತೆಂದು ಅವಳು ಪರದೆ ಕಟ್ಟಿ, ನೆಲ ಗುಡಿಸಿ ಸಂಸಾರ ಹೂಡುವಾಗ ನೆಲದಡಿ ಐಆರ್‌ಎಯ ಬಂದೂಕುಗಳು ಸಿಗುತ್ತವೆ. ಈ ನಡುವೆ ಅವಳ ಬಾಲ್ಯದ ಗೆಳೆಯ ಲಾರೆನ್ಸ್, ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದ್ದ ಮುಗ್ಧ ಹುಡುಗ, ಕಾರು ಬಾಂಬಿಗೆ ಬಲಿಯಾಗುತ್ತಾನೆ. ಬಾಂಬ್ ನಿಷ್ಕ್ರಿಯಗೊಳಿಸುವ ಯಂತ್ರವನ್ನು ಕಂಡು ತನ್ನ ನೆಚ್ಚಿನ ಟಿವಿ ಧಾರಾವಾಹಿಯ ಯಂತ್ರಮಾನವನೆಂದುಕೊಂಡು ಹತ್ತಿರ ಹೋದವನು ಅವನು. ಆ ಸಾವಿನ ನಂತರ ಕಿಟನ್ ಬಂದೂಕುಗಳನ್ನು ಒಂದೊಂದಾಗಿ ಕೆರೆಗೆ ಎಸೆಯುತ್ತಾಳೆ. ಕೊಲ್ಲಲು ಬಂದವರ ಎದುರು ಅವಳು ಅಳುವುದೂ ಇಲ್ಲ, ಬೇಡುವುದೂ ಇಲ್ಲ; ವಯ್ಯಾರದ ಮಾತಾಡುತ್ತಾಳೆ. ಇಂಥ ಹುಚ್ಚಿಗೆ ಒಂದು ಗುಂಡು ದಂಡವೆಂದು ಅವರು ಹೋಗಿಬಿಡುತ್ತಾರೆ.

ಇಡೀ ಕೃತಿಯ ತಿರುಳು ಈ ಪ್ರಸಂಗದಲ್ಲಿದೆ. ಕಿಟನ್‌ಗೆ ರಾಜಕೀಯ ಗೊತ್ತಿಲ್ಲ, ಅವಳದು ಬರೀ ಚೆಲ್ಲು ಎಂದು ಮೇಲುನೋಟಕ್ಕೆ ಅನಿಸಬಹುದು. ಸುತ್ತಲಿನ ಗಂಡಸರು ದೇಶ, ಬಲಿದಾನ, ಸೇಡು ಎಂದು ಗಂಭೀರವಾಗಿ ಮಾತಾಡಿದಾಗಲೆಲ್ಲ ಅವಳು ಸಿನಿಮಾ ಹಾಡಿನ ಮಾತು ತೆಗೆಯುತ್ತಾಳೆ. ಆದರೆ ಆ ಗಂಭೀರ ಮಾತು ಪ್ರತಿಸಲವೂ ಯಾವುದೋ ಹೆಣದ ಬಳಿ ಹೋಗಿ ನಿಲ್ಲುತ್ತದೆ. ಗೆಳೆಯ ಅರ್ವಿನ್ ಐಆರ್‌ಎ ಸೇರಿ ಕೊನೆಗೆ ತನ್ನವರ ಕೈಯಿಂದಲೇ ಸಾಯುತ್ತಾನೆ. ಎರಡರಲ್ಲಿ ಒಂದು ಕಡೆ ಆರಿಸಿಕೋ ಎನ್ನುವವರಿಗೆ ಕಿಟನ್ ಕೊಡುವ ಉತ್ತರವೇ ಅವಳ ಚೆಲ್ಲುತನ. ಗಂಡೋ ಹೆಣ್ಣೋ ಎಂದು ಕೇಳಿದವರಿಗೂ, ಆ ಪಕ್ಷವೋ ಈ ಪಕ್ಷವೋ ಎಂದು ಕೇಳಿದವರಿಗೂ ಅವಳದು ಒಂದೇ ಉತ್ತರ: ನೀವು ಎಳೆದ ಗೆರೆ ನನ್ನದಲ್ಲ.

ಜೋರ್ಡನ್‌ಗೆ ಈ ವಸ್ತು ಹೊಸದಲ್ಲ. 1992ರ ಅವರ 'ದಿ ಕ್ರೈಯಿಂಗ್ ಗೇಮ್' ಚಿತ್ರದಲ್ಲಿ ಐಆರ್‌ಎಯ ಒಬ್ಬ ಬಂಡುಕೋರ ಲಂಡನ್ನಿನಲ್ಲಿ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವಳೊಬ್ಬಳನ್ನು ಪ್ರೀತಿಸುತ್ತಾನೆ. ಅದರ ಚಿತ್ರಕಥೆಗೆ ಆಸ್ಕರ್ ಬಂತು. ಆ ಚಿತ್ರದಲ್ಲಿ ಕಥೆಯನ್ನು ನೋಡುವ ಕಣ್ಣು ಬಂಡುಕೋರನದು. 'ಪ್ಲೂಟೊ'ದಲ್ಲಿ ಆ ಕಣ್ಣು ಕಿಟನ್‌ಳದೇ.

ಲಂಡನ್ನಿನ ಸಂಶಯ

ತಾಯಿಯನ್ನು ಹುಡುಕಿಕೊಂಡು ಕಿಟನ್ ಲಂಡನ್ನಿಗೆ ಬರುತ್ತಾಳೆ. ಬೀದಿಯಲ್ಲಿ ಮೈಮಾರಿಕೊಳ್ಳುವ ಸ್ಥಿತಿಯೂ ಬರುತ್ತದೆ. ಒಂದು ರಾತ್ರಿ ಅವಳು ಸೈನಿಕನೊಬ್ಬನ ಜೊತೆ ಕುಣಿಯುತ್ತಿದ್ದ ಕ್ಲಬ್ಬಿನಲ್ಲಿ ಬಾಂಬ್ ಸಿಡಿಯುತ್ತದೆ. ಗಾಯಾಳುಗಳ ನಡುವೆ ಪೊಲೀಸರಿಗೆ ಸಿಕ್ಕವಳು ಹೆಣ್ಣಿನ ಉಡುಪಿನಲ್ಲಿದ್ದಾಳೆ, ದೇಹ ಗಂಡಿನದು, ಮಾತಿನ ಧಾಟಿ ಐರಿಶ್. ವೇಷ ಮರೆಸಿದ ಉಗ್ರಗಾಮಿ ಎನ್ನಲು ಇನ್ನೇನು ಬೇಕು? ಠಾಣೆಯಲ್ಲಿ ದಿನಗಟ್ಟಲೆ ಹೊಡೆತ, ವಿಚಾರಣೆ.

ಇದಕ್ಕೂ ಚರಿತ್ರೆಯ ಆಧಾರವಿದೆ. 1974ರ ಅಕ್ಟೋಬರಿನಲ್ಲಿ ಗಿಲ್ಡ್‌ಫರ್ಡ್ ಊರಿನ ಮದ್ಯದಂಗಡಿಗಳಲ್ಲಿ ಐಆರ್‌ಎ ಇಟ್ಟ ಬಾಂಬಿಗೆ ಐವರು, ನವೆಂಬರ್ 21ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ 21 ಮಂದಿ ಸತ್ತರು. ಎಂಟೇ ದಿನದಲ್ಲಿ ಬ್ರಿಟನ್ ಭಯೋತ್ಪಾದನೆ ತಡೆ ಕಾಯಿದೆ ತಂದಿತು. ಆರೋಪ ಹೊರಿಸದೆ ಏಳು ದಿನ ಹಿಡಿದಿಡುವ ಅಧಿಕಾರ ಪೊಲೀಸರಿಗೆ ಸಿಕ್ಕಿತು. ಇಂಗ್ಲೆಂಡಿನಲ್ಲಿ ಕೂಲಿನಾಲಿ ಮಾಡಿ ಬದುಕುತ್ತಿದ್ದ ಐರಿಶರು ಬಸ್ಸಿನಲ್ಲಿ, ಅಂಗಡಿಯಲ್ಲಿ ಬಾಯಿ ತೆರೆಯಲು ಅಂಜಿದ ದಿನಗಳು ಅವು. ಗಿಲ್ಡ್‌ಫರ್ಡ್ ಪ್ರಕರಣದಲ್ಲಿ ಶಿಕ್ಷೆಯಾದ ನಾಲ್ವರು 1989ರಲ್ಲಿ, ಬರ್ಮಿಂಗ್‌ಹ್ಯಾಮ್ ಪ್ರಕರಣದ ಆರು ಮಂದಿ 1991ರಲ್ಲಿ ನಿರಪರಾಧಿಗಳೆಂದು ಹೊರಬಂದರು. ಅಷ್ಟರಲ್ಲಿ ಅವರ ಯೌವನ ಸೆರೆಮನೆಯಲ್ಲಿ ಕಳೆದಿತ್ತು. ಗಿಲ್ಡ್‌ಫರ್ಡ್ ಪ್ರಕರಣದ ನಾಲ್ವರಲ್ಲಿ ಒಬ್ಬಳು ಹದಿಹರೆಯದ ಇಂಗ್ಲಿಷ್ ಹುಡುಗಿ. ಐರಿಶ್ ಗೆಳೆಯನಿದ್ದುದು ಅವಳ ಮೇಲೆ ಸಂಶಯ ಬರಲು ಸಾಕಾಯಿತು.

ಕಿಟನ್‌ಳ ಕಥೆಯಲ್ಲಿ ಒಂದು ವಿಚಿತ್ರ ತಿರುವಿದೆ. ಬಿಡುಗಡೆಯ ದಿನ ಅವಳು ಹೊರಡಲು ಒಪ್ಪುವುದಿಲ್ಲ. ಕೋಣೆ ಬೆಚ್ಚಗಿದೆ, ಇಲ್ಲೇ ಇರುತ್ತೇನೆ ಎಂದು ಬೇಡುತ್ತಾಳೆ. ಪ್ರೇಕ್ಷಕರು ನಗುತ್ತಾರೆ. ಊರು, ಚರ್ಚು, ಬಂಡುಕೋರರು, ಬೀದಿ ಎಲ್ಲವೂ ಹೊರಗಟ್ಟಿದವಳಿಗೆ ಬಾಗಿಲಿದ್ದ ಕೋಣೆ ಸಿಕ್ಕಿದ್ದು ಪೊಲೀಸ್ ಠಾಣೆಯಲ್ಲಿ ಮಾತ್ರ ಎಂಬುದು ಹೊಳೆದಾಗ ಆ ನಗು ನಿಲ್ಲುತ್ತದೆ.

ವೈರಿಗಳು ಒಂದಾದ ವಿಷಯ

ಕಥೆಯನ್ನು ಬದಿಗಿಟ್ಟು ಆ ಕಾಲದ ನಿಜವಾದ ಮನುಷ್ಯರನ್ನು ನೋಡಿದರೆ ಇನ್ನೂ ಸೋಜಿಗದ ಸಂಗತಿ ಕಾಣುತ್ತದೆ. ಗಂಡಸರಿಬ್ಬರ ದೇಹಸಂಬಂಧವನ್ನು ಅಪರಾಧವೆನ್ನುವ 1861ರ ಬ್ರಿಟಿಷ್ ಕಾಯಿದೆ ಐರ್ಲೆಂಡಿನ ಎರಡೂ ಭಾಗಗಳಲ್ಲಿ ಉಳಿದುಕೊಂಡಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್ ಅದನ್ನು 1967ರಲ್ಲೇ ಸಡಿಲಿಸಿದ್ದವು. ಅದನ್ನು ಉತ್ತರ ಐರ್ಲೆಂಡಿಗೂ ವಿಸ್ತರಿಸುವ ಮಾತು ಬಂದಾಗ ಪ್ರೊಟೆಸ್ಟೆಂಟ್ ಪಾದ್ರಿ, ರಾಜಕಾರಣಿ ಇಯಾನ್ ಪೈಸ್ಲಿ 1977ರಲ್ಲಿ ಭಾರಿ ಪ್ರಚಾರಾಂದೋಲನ ಹೂಡಿ ಸುಮಾರು 70,000 ಸಹಿ ಸಂಗ್ರಹಿಸಿದರು. ಕ್ಯಾಥೊಲಿಕ್ ಬಿಷಪ್ಪರೂ ಬದಲಾವಣೆಯನ್ನು ವಿರೋಧಿಸಿದರು. ಬೇರಾವ ವಿಷಯದಲ್ಲೂ ಒಂದೇ ಮೇಜಿಗೆ ಕೂರದಿದ್ದ ಎರಡು ಕಡೆಯವರು ಇದೊಂದರಲ್ಲಿ ಒಮ್ಮತಕ್ಕೆ ಬಂದಿದ್ದರು.

ಹಾಗೆಯೇ ಹೊರಗಿನವರೂ ತಮ್ಮಲ್ಲಿ ಒಂದಾದರು. ಸಂಜೆಯಾದರೆ ತಪಾಸಣಾ ಗೇಟುಗಳನ್ನು ಮುಚ್ಚಿ ಬೆಲ್‌ಫಾಸ್ಟ್ ನಗರದ ನಡುಭಾಗ ಬಿಕೋ ಎನ್ನುತ್ತಿದ್ದ 1970ರ ದಶಕದಲ್ಲಿ, ಅಲ್ಲಿಗೆ ಬರಲು ಹೆದರದವರಲ್ಲಿ ಇವರೂ ಇದ್ದರು. ಅವರ ಕುಣಿತದ ಕೂಟಗಳಲ್ಲಿ ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಬೆರೆಯುತ್ತಿದ್ದರು. ಬೀದಿಗಳ ನಡುವೆ ಗೋಡೆ ಎದ್ದಿದ್ದ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಜೆಫ್ರಿ ಡಜನ್ ಇಂಥ ವಲಯದಿಂದ ಬಂದವರು. ಹಡಗು ಸಾಗಣೆಯ ಕಚೇರಿಯೊಂದರಲ್ಲಿ ಗುಮಾಸ್ತರು. 1976ರ ಜನವರಿಯಲ್ಲಿ ಮಾದಕವಸ್ತುಗಳ ಶೋಧಕ್ಕೆಂದು ಮನೆಗೆ ಬಂದ ಪೊಲೀಸರು ಅವರ ಪತ್ರ, ದಿನಚರಿಗಳನ್ನು ಒಯ್ದರು. ಠಾಣೆಯಲ್ಲಿ ನಾಲ್ಕೂವರೆ ಗಂಟೆ ಅವರ ಖಾಸಗಿ ಬದುಕನ್ನು ಕೆದಕಿದರು. ಮೊಕದ್ದಮೆ ಹೂಡಲಿಲ್ಲ. ಡಜನ್ ಸುಮ್ಮನಾಗದೆ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 1981ರ ಅಕ್ಟೋಬರ್ 22ರಂದು ನಾಲ್ವರ ವಿರುದ್ಧ ಹದಿನೈದು ನ್ಯಾಯಾಧೀಶರ ಬಹುಮತದಿಂದ ಅವರು ಗೆದ್ದರು. ಪೊಲೀಸರು ಕೇಸು ಹಾಕಲಿ ಬಿಡಲಿ, ಅಂಥ ಕಾನೂನು ತಲೆಯ ಮೇಲೆ ತೂಗುವುದೇ ಖಾಸಗಿ ಬದುಕಿನ ಮೇಲಿನ ಅತಿಕ್ರಮಣ ಎಂಬುದು ತೀರ್ಪಿನ ಸಾರ. 1982ರಲ್ಲಿ ಉತ್ತರದ ಕಾನೂನು ಬದಲಾಯಿತು.

ದಕ್ಷಿಣದಲ್ಲಿ ಇದೇ ಹೋರಾಟ ನಡೆಸಿದವರು ಜೇಮ್ಸ್ ಜಾಯ್ಸ್ ಸಾಹಿತ್ಯದ ವಿದ್ವಾಂಸ ಡೇವಿಡ್ ನಾರಿಸ್. ಅವರ ವಕೀಲರಲ್ಲೊಬ್ಬರು ಮುಂದೆ ರಾಷ್ಟ್ರಾಧ್ಯಕ್ಷರಾದ ಮೇರಿ ರಾಬಿನ್ಸನ್. ಐರ್ಲೆಂಡಿನ ಸುಪ್ರೀಂ ಕೋರ್ಟು 1983ರಲ್ಲಿ ಅವರ ಅರ್ಜಿಯನ್ನು ತಳ್ಳಿಹಾಕಿತು. 1988ರಲ್ಲಿ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. ಕಾನೂನು ಬದಲಾದದ್ದು 1993ರಲ್ಲಿ. ಡಜನ್ ಬ್ರಿಟನ್ ಪರ ರಾಜಕಾರಣದವರು, ಮುಂದೆ ಆ ಪಕ್ಷದಿಂದ ನಗರಸಭೆಗೂ ಆಯ್ಕೆಯಾದರು. ನಾರಿಸ್ ಐರಿಶ್ ಗಣರಾಜ್ಯದ ಸೆನೆಟರ್ ಆಗಿದ್ದವರು. ದೇಶದ ಗಡಿಯ ವಿಷಯದಲ್ಲಿ ಬೇರೆಬೇರೆ ದಾರಿಯವರಾದ ಇಬ್ಬರೂ ಒಂದೇ ಬಾಗಿಲು ತಟ್ಟಿದ್ದರು.

ಡಜನ್ ತೀರ್ಪು ಐರ್ಲೆಂಡಿನಲ್ಲೇ ಉಳಿಯಲಿಲ್ಲ. 1861ರ ಆ ಕಾಯಿದೆಗೂ ನಮ್ಮ 1860ರ ದಂಡಸಂಹಿತೆಯ 377ನೇ ಕಲಮಿಗೂ ಒಂದೇ ಸಾಮ್ರಾಜ್ಯದ ಅಚ್ಚು. ದೆಹಲಿ ಹೈಕೋರ್ಟು 2009ರಲ್ಲಿ, ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರಿನಲ್ಲಿ 377ರ ಬಗ್ಗೆ ತೀರ್ಪು ಕೊಡುವಾಗ ಬೆಲ್‌ಫಾಸ್ಟಿನ ಗುಮಾಸ್ತರ ಮೊಕದ್ದಮೆಯನ್ನು ಉಲ್ಲೇಖಿಸಿದವು.

ಹೆಸರಿಗಾಗಿ ಇಪ್ಪತ್ತೆರಡು ವರ್ಷ

ಆದರೆ ಕಿಟನ್‌ಳ ಪ್ರಶ್ನೆ ಇದರಿಂದ ಪೂರ್ತಿ ಬಗೆಹರಿಯುವುದಿಲ್ಲ. ಯಾರನ್ನು ಪ್ರೀತಿಸಬೇಕು ಎಂಬುದು ಒಂದು ಪ್ರಶ್ನೆ, ತಾನು ಯಾರು ಎಂಬುದು ಇನ್ನೊಂದು. ಎರಡನ್ನೂ ಒಂದೇ ಎಂದು ಜನ ಬಹುಕಾಲ ತಿಳಿದಿದ್ದರು. ಕಾನೂನು ಮೊದಲನೆಯದನ್ನು ಒಪ್ಪಿ ಎರಡು ದಶಕ ಕಳೆದರೂ ಎರಡನೆಯದನ್ನು ಮುಟ್ಟಿರಲಿಲ್ಲ.

ಅದನ್ನು ಮುಟ್ಟಿಸಿದವರು ಕಿಲ್ಡೇರ್ ಕೌಂಟಿಯ ಎಥೈ ಊರಿನ ದಂತವೈದ್ಯೆ ಲಿಡಿಯಾ ಫಾಯ್. ಹುಟ್ಟಿದಾಗ ಗಂಡೆಂದು ದಾಖಲಾಗಿದ್ದ ಅವರು ತಮ್ಮ ಜನನ ಪತ್ರದಲ್ಲಿ ಹೆಣ್ಣೆಂದು ನಮೂದಿಸಲು ಕೇಳಿದ್ದು 1993ರಲ್ಲಿ. 1997ರಲ್ಲಿ ಅವರು ಕೋರ್ಟಿಗೆ ಹೋದರು. 2002ರ ಜುಲೈ 9ರಂದು ಹೈಕೋರ್ಟು ಇಲ್ಲವೆಂದಿತು. ಎರಡೇ ದಿನದಲ್ಲಿ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಇಂಗ್ಲೆಂಡಿನ ಕ್ರಿಸ್ಟೀನ್ ಗುಡ್‌ವಿನ್ ಪ್ರಕರಣದಲ್ಲಿ ಇಂಥ ನಿರಾಕರಣೆ ತಪ್ಪೆಂದು ಸಾರಿತು. ಫಾಯ್ ಮತ್ತೆ ಅರ್ಜಿ ಹಾಕಿದರು. 2007ರಲ್ಲಿ ಐರಿಶ್ ಹೈಕೋರ್ಟು ದೇಶದ ಕಾನೂನು ಮಾನವ ಹಕ್ಕುಗಳ ಒಡಂಬಡಿಕೆಗೆ ಹೊಂದುವುದಿಲ್ಲವೆಂದು ಒಪ್ಪಿತು. ಸಂಸತ್ತು ಕಾಯಿದೆ ಮಾಡುವ ಹೊತ್ತಿಗೆ 2015 ಬಂದಿತ್ತು. ಅದರ ಪ್ರಕಾರ ವಯಸ್ಕರು ತಮ್ಮ ಲಿಂಗವನ್ನು ತಾವೇ ಘೋಷಿಸಿಕೊಂಡರೆ ಸಾಕು, ವೈದ್ಯರ ಪ್ರಮಾಣಪತ್ರ ಬೇಡ. ಒಂದು ಕಾಗದದ ಒಂದು ಪದಕ್ಕಾಗಿ ಫಾಯ್ ಇಪ್ಪತ್ತೆರಡು ವರ್ಷ ಕಾದಿದ್ದರು. ಭಾರತದ ಸುಪ್ರೀಂ ಕೋರ್ಟು 2014ರಲ್ಲಿ ತೃತೀಯ ಲಿಂಗಿಗಳಿಗೆ ತಮ್ಮ ಗುರುತನ್ನು ತಾವೇ ಹೇಳಿಕೊಳ್ಳುವ ಹಕ್ಕಿದೆ ಎಂದಾಗಲೂ ಗುಡ್‌ವಿನ್ ತೀರ್ಪಿನ ಪ್ರಸ್ತಾಪ ಬಂದಿತ್ತು.

ಐರ್ಲೆಂಡಿಗೆ 2015 ಎರಡು ಬಗೆಯಲ್ಲಿ ನೆನಪಿನ ವರ್ಷ. ಆ ಮೇ 22ರಂದು ನಡೆದ ಜನಮತದಲ್ಲಿ ಶೇಕಡ 62ರಷ್ಟು ಮಂದಿ ಸಲಿಂಗ ವಿವಾಹಕ್ಕೆ ಒಪ್ಪಿಗೆ ಕೊಟ್ಟರು. ತಾನು ಸಲಿಂಗಪ್ರೇಮಿ ಎಂದು ಆ ವರ್ಷ ಬಹಿರಂಗವಾಗಿ ಹೇಳಿಕೊಂಡ ಸಚಿವ ಲಿಯೊ ವರಾಡ್ಕರ್ 2017ರಲ್ಲಿ ಪ್ರಧಾನಿಯಾದರು. ಅವರ ತಂದೆ ಮುಂಬಯಿಯಿಂದ ಹೋದ ವೈದ್ಯರು.

ತಾಯಿಯ ಮನೆಯ ಬಾಗಿಲು

ಚಿತ್ರ ತೆರೆಕಂಡಾಗ ಮೆಚ್ಚುಗೆಯ ಜೊತೆ ಆಕ್ಷೇಪವೂ ಬಂತು. ಬಾಂಬು ಬೀಳುವ ಕಥೆಗೆ ಇಷ್ಟು ಸಕ್ಕರೆ ಬೇಕೇ ಎಂದು ಕೆಲವರು ಕೇಳಿದರು. ಇಂದಾದರೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಇಂಥ ಪಾತ್ರವನ್ನು ಅಂಥ ಬದುಕು ಬದುಕಿದವರೇ ಮಾಡಬೇಕಲ್ಲವೇ? ಎರಡರಲ್ಲೂ ಹುರುಳಿದೆ. ಆದರೆ ಸಂಘರ್ಷದ ಕಥೆಗಳಲ್ಲಿ ಬಂದೂಕು ಹಿಡಿದವನೇ ನಾಯಕನಾಗುವ ರೂಢಿಯನ್ನು ಕೃತಿ ಮುರಿಯಿತೆಂಬುದು ಸುಳ್ಳಾಗುವುದಿಲ್ಲ. ಶೀರ್ಷಿಕೆ 1969ರಲ್ಲಿ ಡಾನ್ ಪಾರ್ಟ್ರಿಜ್ ಎಂಬ ಬೀದಿಗಾಯಕ ಹಾಡಿದ ಗೀತೆಯದು. ಎಲ್ಲ ಗ್ರಹಗಳಿಗಿಂತ ದೂರದ ಪ್ಲೂಟೊದಲ್ಲಾದರೂ ಒಂದು ಬೆಳಗಿನ ತಿಂಡಿ ಸಿಗಬಹುದೆಂಬ ಆಸೆ ಕಿಟನ್‌ಳದು. ಚಿತ್ರ ಬಂದ ಮರುವರ್ಷ, 2006ರಲ್ಲಿ, ಖಗೋಳ ವಿಜ್ಞಾನಿಗಳು ಪ್ಲೂಟೊವನ್ನೇ ಗ್ರಹಗಳ ಪಟ್ಟಿಯಿಂದ ಹೊರಗಿಟ್ಟರು.

ಕಿಟನ್‌ಗೆ ಕೊನೆಗೂ ತಾಯಿಯ ವಿಳಾಸ ಸಿಗುತ್ತದೆ. ಕೊಡುವವನು ಆ ಪಾದ್ರಿಯೇ. ಲಂಡನ್ನಿನವರೆಗೆ ಹುಡುಕಿಕೊಂಡು ಬಂದು, ತಪ್ಪೊಪ್ಪಿಗೆಯ ಪೆಟ್ಟಿಗೆಯಲ್ಲಿ ಕುಳಿತವನ ಹಾಗೆ ಗಾಜಿನ ಆಚೆ ಕುಳಿತು, ತಾನು ಅಪ್ಪನೆಂದು ಒಪ್ಪಿಕೊಳ್ಳುತ್ತಾನೆ. ಮಗು ಹೇಗಿದೆಯೋ ಹಾಗೆ ಅದನ್ನು ಒಪ್ಪುತ್ತಾನೆ. ಮುಂದೆ ಊರಿಗೆ ಮರಳಿದ ಅವಳಿಗೂ, ಅರ್ವಿನ್‌ನಿಂದ ಬಸಿರಾಗಿದ್ದ ಗೆಳತಿ ಚಾರ್ಲಿಗೂ ಆಶ್ರಯ ಕೊಟ್ಟ ತಪ್ಪಿಗೆ ಅವನ ಮನೆಗೆ ಬೆಂಕಿ ಬೀಳುತ್ತದೆ. ಯಾವ ಕಡೆಗೂ ಸೇರದವಳನ್ನು ತನ್ನವಳೆಂದ ಅಪ್ಪನೂ ಊರಿಗೆ ಹೊರಗಿನವನಾಗುತ್ತಾನೆ.

ಅಪ್ಪ ಕೊಟ್ಟ ವಿಳಾಸ ಹಿಡಿದು ಅವಳು ಟೆಲಿಫೋನ್ ಇಲಾಖೆಯ ಸಮೀಕ್ಷೆಯವಳ ವೇಷದಲ್ಲಿ ತಾಯಿಯ ಬಾಗಿಲು ತಟ್ಟುತ್ತಾಳೆ. ಒಳಗೆ ಒಬ್ಬ ಪುಟ್ಟ ತಮ್ಮನಿದ್ದಾನೆ, ಅವನ ಹೆಸರೂ ಪ್ಯಾಟ್ರಿಕ್. ತಾನು ಯಾರೆಂದು ಅವಳು ಹೇಳುವುದಿಲ್ಲ. ಬಿಟ್ಟುಹೋದ ಮಗುವಿನ ಹೆಸರನ್ನು ತಾಯಿ ಮರೆತಿಲ್ಲ ಎಂಬಷ್ಟನ್ನು ತಿಳಿದು ಹಿಂದಿರುಗುತ್ತಾಳೆ.

ಐರ್ಲೆಂಡಿನಲ್ಲಿ ದತ್ತು ಹೋದವರಿಗೆ ತಮ್ಮ ಜನನ ಪತ್ರವನ್ನೂ ಹುಟ್ಟಿನ ವಿವರವನ್ನೂ ಕೇಳಿ ಪಡೆಯುವ ಹಕ್ಕು ಕಾನೂನಾಗಿ ಬಂದದ್ದು 2022ರಲ್ಲಿ. ಅಷ್ಟರಲ್ಲಿ ಎಷ್ಟೋ ತಾಯಂದಿರು ತೀರಿಕೊಂಡಿದ್ದರು, ಮಕ್ಕಳೂ ಮುದುಕರಾಗಿದ್ದರು. ಕಿಟನ್ ವೇಷ ಹಾಕಿ ಕದ್ದು ತಿಳಿದ ಸಂಗತಿಯನ್ನು ಈಗ ಅರ್ಜಿ ಬರೆದು ಕೇಳಬಹುದು. ಕ್ಲೋನಿಸ್‌ನಿಂದ ಕ್ಯಾವನ್‌ಗೆ ಹೋಗುವ ರಸ್ತೆ ಈಗಲೂ ನಾಲ್ಕು ಸಲ ಗಡಿ ದಾಟುತ್ತದೆ. ಸೈನಿಕರು ಕಾವಲು ನಿಲ್ಲುತ್ತಿದ್ದ ದಿನಗಳು ಮಾತ್ರ ಮುಗಿದಿವೆ.